ಗುಡ್ಡದೊಳಗಿನ ಗರಗಸ

ಮೊನ್ನೆ ಸೇಡಮ್ಮಿನಲ್ಲಿ ನನ್ನ ತಂಗಿಯ ಮಗನ ಹೊಸ ಮನೆಗೆ ಬಾಗಿಲು ಕೂಡಿಸುತ್ತಿದ್ದರು. ಬಡಿಗ ಅಂಗಳದಲ್ಲಿ ಕೂತು ಸಾಗುವಾನಿಯ ತುಂಡೊಂದನ್ನು ಅಂಗಾಲಿನಿಂದ ಒತ್ತಿ ಹಿಡಿದು ಕೊಯ್ಯುತ್ತಿದ್ದ. ಈಗೆಲ್ಲ ಕರೆಂಟಿನ ಯಂತ್ರಗಳು ಬಂದಿವೆ. ಅವತ್ತು ಕರೆಂಟು ಹೋಗಿತ್ತು, ಅದಕ್ಕೇ ಕೈಗರಗಸ. ಮೊದಲು ವಾಸನೆ ಬಂತು, ಹಳೆಯ ತೊಗಲಿಗೆ ಎಣ್ಣೆ ಸವರಿದಂಥ ವಾಸನೆ. ಹಿಂದೆಯೇ ಸಪ್ಪಳ. ಎಳೆದಾಗ ಒಂದು, ದೂಡಿದಾಗ ಒಂದು. ನನಗೆ ಕೂತಲ್ಲೇ ಬೆನ್ನು ನೆಟ್ಟಗಾಯಿತು.

“ಏನಾತು ದೊಡ್ಡವ್ವ, ಚಾ ಬಿಟ್ಟು ಸುಮ್ಮ ಕುಂತಿ?” ಎಂದ ತಂಗಿಯ ಮಗ.

“ಏನಿಲ್ಲಪ, ನಿನ್ನ ಕೆಲಸ ನೋಡ್ಕೊ,” ಎಂದೆ.

ಅವನಿಗೆ ಆ ಹೊತ್ತಿನಲ್ಲಿ ಬಾಗಿಲಿನ ಚಿಂತೆ. ನನಗೆ ಮಾತ್ರ ಆ ಒಂದು ಹಿಂಗಾರಿನ ದಿನಗಳು, ಚಿಂಚೋಳಿ ಕಡೆಯ ಗುಡ್ಡದ ಬುಡದಲ್ಲಿದ್ದ ನಮ್ಮ ಚೌಕಿ, ಅಲ್ಲಿಯ ಮಂದಿ, ಎಲ್ಲ ಎದ್ದು ಬಂದವು.

ನನ್ನ ತವರು ಚಿತ್ತಾಪುರ. ನಾಲ್ಕನೆಯ ಜಮಾತಿನವರೆಗೆ ಓದಿದವಳು. ಮದುವೆಯಾದ ವರ್ಷವೇ ನಮ್ಮವರಿಗೆ ಜಂಗಲಾತ್ ಖಾತೆಯಲ್ಲಿ, ಅಂದರೆ ಅರಣ್ಯ ಇಲಾಖೆಯಲ್ಲಿ, ಗಾರ್ಡ್ ಕೆಲಸ ಸಿಕ್ಕಿತು. ಐನಾಪುರ ದಾಟಿ ಗುಡ್ಡದ ಕಡೆಗೆ ಹೋದರೆ ಒಂದು ಸಣ್ಣ ಊರು ಸಿಗುತ್ತದೆ. ಅದರ ಹೆಸರು ಹೇಳುವುದಿಲ್ಲ, ಅಲ್ಲಿಯವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ಊರಿಂದ ಸ್ವಲ್ಪ ಮೇಲೆ, ಅಡವಿ ಶುರುವಾಗುವಲ್ಲಿ ನಮ್ಮ ಚೌಕಿ. ನೆಲಕ್ಕೆ ಶಹಾಬಾದಿನ ಫರಸಿಕಲ್ಲು ಹಾಸಿದ ಒಂದೇ ಕೋಣೆ, ಮುಂದೆ ದೊಡ್ಡ ಆಲದ ಗಿಡ, ಹಿಂದೆ ಒಂದು ಕುಂಟೆ, ಸಣ್ಣ ಕೆರೆಯಂಥದ್ದು. ಅದರಾಚೆ ಹಳ್ಳ.

ನಿಜಾಮರ ಆಳಿಕೆ ಮುಗಿದು ಎರಡು ಮಳೆಗಾಲ ಕಳೆದಿದ್ದವು. ಮೊದಲು ಊರೂರಲ್ಲಿ ರಜಾಕಾರರ ಭಯವಿತ್ತು. ಅದು ತೀರಿದ ಮೇಲೆ ಮುಸಲ್ಮಾನರ ಮನೆಗಳಿಗೆ ಬೇರೆಯೇ ಭಯ ಬಂತು. ನಾನು ಆ ಊರಿಗೆ ಹೋಗುವ ಹೊತ್ತಿಗೆ ಯಾರೂ ಆ ದಿನಗಳ ಮಾತು ಎತ್ತುತ್ತಿರಲಿಲ್ಲ. ಆದರೆ ಯಾರಾದರೂ ಕದ ಬಡಿದರೆ ತೆಗೆಯುವ ಮುಂಚೆ ಒಳಗಿದ್ದವರೆಲ್ಲ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಹೊಸಬರು ಬಂದರೆ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ನೀರು ಕೊಡುತ್ತಿದ್ದರು.

ನಮ್ಮವರು ನಸುಕಿನಲ್ಲಿ ರೊಟ್ಟಿ ಕಟ್ಟಿಕೊಂಡು ಅಡವಿಗೆ ಹೋದರೆ ಹೊತ್ತು ಮುಳುಗುವಾಗ ಬರುತ್ತಿದ್ದರು. ಮಾತಾಡಲು ಮನುಷ್ಯರಿಲ್ಲದ ಮನೆಯಲ್ಲಿ ಕಿವಿ ಬೇರೆ ಕೆಲಸ ಹುಡುಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಕುಂಟೆಯ ಕಪ್ಪೆಗಳು ಗಂಟಲು ಹರಿಯುವಂತೆ ಹೆಣ್ಣುಗಳನ್ನು ಕರೆಯುತ್ತಿದ್ದವು. ಆ ಕೂಗು ಕೇಳಿ ಹೆಣ್ಣುಕಪ್ಪೆಯೂ ಬರುತ್ತಿತ್ತು, ಕೇರೆ ಹಾವೂ ಬರುತ್ತಿತ್ತು. ಒಂದು ಮೂಲೆಯ ಕೂಗು ನಡುವೆಯೇ ಕತ್ತರಿಸಿದಂತೆ ನಿಂತಿತೆಂದರೆ ನಾನು ಹಿತ್ತಲ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಕುಂಟೆಯ ದಂಡೆಯ ಟಿಟ್ಟಿಭ ಹಕ್ಕಿಗಂತೂ ಯಾರ ಮೇಲೂ ನಂಬಿಗೆಯಿಲ್ಲ. ಎಮ್ಮೆ ಬಂದರೂ ಒದರುತ್ತಿತ್ತು, ನಾನು ಕೊಡ ಹಿಡಿದು ಹೋದರೂ ಒದರುತ್ತಿತ್ತು.

ಹೆಚ್ಚು ಪರಿಚಯವಾದವು ಆಲದ ಗಿಡದ ಮಂಗಗಳು, ಕಪ್ಪು ಮೂತಿಯ ಉದ್ದ ಬಾಲದ ಮುಸುವಗಳು. ಬೆಳಗಾದರೆ ಹಿರಿಯ ಗಡವ ತುದಿಗೆ ಏರಿ “ಹೂಪ್, ಹೂಪ್” ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಕೂಗುತ್ತಿತ್ತು. ಹಳ್ಳದಾಚೆಯಿಂದ ಇನ್ನೊಂದು ಗುಂಪಿನ ಗಡವ ಉತ್ತರ ಕೊಡುತ್ತಿತ್ತು. ಇದು ನನ್ನ ಮನೆ, ಇವು ನನ್ನ ಹೆಣ್ಣುಗಳು, ನೀನು ಅಲ್ಲೇ ಇರು ಎಂಬಂತಿರುತ್ತಿತ್ತು ಆ ಮಾತು. ಕಟ್ಟಿಗೆ ತರುವ ಹೆಂಗಸರು ಕೆಳಗೆ ಹಾದುಹೋದರೆ ಅವು ತಲೆ ಎತ್ತುತ್ತಿರಲಿಲ್ಲ. ಬಂದೂಕು ಹಿಡಿದವರು ಬಂದರೆ ಮಾತ್ರ ಒಂದೂ ಸೊಲ್ಲೆತ್ತದೆ ಟೊಂಗೆಯ ಆಚೆ ಮಗ್ಗುಲಿಗೆ ಜಾರಿಬಿಡುತ್ತಿದ್ದವು. ಶ್ರಾವಣದಲ್ಲಿ ಒಮ್ಮೆ ಕತ್ತೆಕಿರುಬವೊಂದು ಹಾಡಹಗಲೇ ಕುಂಟೆಯ ಪಕ್ಕ ಹಾದುಹೋಯಿತು. ಆಗ ಗಡವ ಒಣಕೆಮ್ಮು ಬಂದವರಂತೆ “ಖಕ್ಕರ್, ಖಕ್ಕರ್” ಎಂದು ಒಂದೇ ಸಮನೆ ಕೆಮ್ಮತೊಡಗಿತು. ಮರಿ ಕಟ್ಟಿಕೊಂಡ ತಾಯಿಗಳು ಕಣ್ಣು ಮುಚ್ಚಿ ತೆರೆಯುವುದರಲ್ಲಿ ತುದಿಗೆ ಏರಿದವು. ಆ ಕೆಮ್ಮನ್ನು ಅವತ್ತು ಮೊದಲು ಕೇಳಿದ್ದು.

ಊರಲ್ಲಿ ನನಗಿದ್ದ ಗೆಳತಿ ಒಬ್ಬಳೇ, ಖೈರುನ್‌ಬೀ. ಅವಳ ಗಂಡ ಮಹಿಬೂಬಸಾಬ ಮತ್ತು ಮೈದುನ ಮೌಲಾ ಇಬ್ಬರೂ ಮರ ಕೊಯ್ಯುವವರು. ಊರಿನ ಮಾಲಿಪಾಟೀಲರು ಹೊಸ ಮನೆ ಕಟ್ಟಿಸುತ್ತಿದ್ದರು; ಅದರ ತೊಲೆ ಜಂತಿ ಕೊಯ್ಯಲು ಈ ಅಣ್ಣತಮ್ಮಂದಿರು ಬಂದು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದರು. ಗುಂಡಿ ತೋಡಿ, ಮೇಲೆ ಕೊರಡು ಇಟ್ಟು, ಮಹಿಬೂಬಸಾಬ ಕೊರಡಿನ ಮೇಲೆ, ಮೌಲಾ ಗುಂಡಿಯೊಳಗೆ ನಿಂತು ಆಳುದ್ದದ ಗರಗಸ ಎಳೆಯುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಮೌಲಾ ದಾರಿಯಲ್ಲೇ ಒಂದು ಸಿಳ್ಳೆ ಹಾಕುತ್ತಿದ್ದ. ಉದ್ದಕ್ಕೊಂದು, ಗಿಡ್ಡಕ್ಕೆರಡು.

“ಯಾಕವಾ, ನಿನ್ನ ಮೈದುನ ದಿನಾ ಸಿಳ್ಳಿ ಹೊಡೀತಾನ?” ಎಂದು ನಾನು ಒಮ್ಮೆ ಕೇಳಿದೆ.

ಖೈರುನ್‌ಬೀ ಸುತ್ತ ಒಮ್ಮೆ ನೋಡಿಕೊಂಡಳು. “ಆ ವರ್ಷ ನಮ್ಮ ಊರಾಗ ಗದ್ದಲ ಆತಲ್ಲಕ್ಕಾ, ಆವಾಗಿಂದ ಹಂಗ. ಸಿಳ್ಳಿ ಕೇಳಿದ್ರನ ನಾ ಕದ ತಗೀತೀನಿ. ಇಲ್ಲಂದ್ರ ನನ್ನ ಅವ್ವ ಬಂದು ಕರದ್ರೂ ತಗ್ಯಂಗಿಲ್ಲ,” ಎಂದಳು. ಆಮೇಲೆ ಮಾತು ಬೇರೆ ಕಡೆಗೆ ತಿರುಗಿಸಿದಳು.

ಬನ್ನಿ ಹಬ್ಬದ ಹಿಂದುಮುಂದು ಆ ಸಪ್ಪಳ ಶುರುವಾಯಿತು.

ಹೊತ್ತು ಇಳಿದು ಗಾಳಿ ಗುಡ್ಡದಿಂದ ಊರ ಕಡೆ ತಿರುಗಿದಾಗ ದೂರದಿಂದ ಕೇಳಿಸುತ್ತಿತ್ತು. ಖರ್, ಖರ್, ಖರ್, ಖರ್. ಒರಟು ಹಲ್ಲಿನ ಗರಗಸ ಒಣ ಕೊರಡಿನಲ್ಲಿ ಹೋಗಿ ಬಂದಂತೆ. ಸ್ವಲ್ಪ ಹೊತ್ತು ಎಳೆದು ನಿಲ್ಲುವುದು, ದಣಿವಾರಿಸಿಕೊಂಡವರಂತೆ ಮತ್ತೆ ಶುರುವಾಗುವುದು. ಒಂದು ಸಂಜೆ ಮೂಡಣ ದಿಕ್ಕಿನಿಂದ, ಮರುದಿನ ಪಡುವಣದಿಂದ. ಕೆಲವು ದಿನ ಕಳೆದ ಮೇಲೆ ಒಂದು ಕಡೆ ನಿಂತರೆ ಇನ್ನೊಂದು ಕಡೆ ಶುರುವಾಗತೊಡಗಿತು.

ಊರಿನವರು ಕಟ್ಟೆಯ ಮೇಲೆ ಕೂತು ಕೇಳಿದರು. ಅನುಮಾನಕ್ಕೆ ದೂರ ಹೋಗಬೇಕಾಗಿರಲಿಲ್ಲ. ಗರಗಸ ಇದ್ದದ್ದು ಊರಿಗೆಲ್ಲ ಒಂದೇ ಮನೆಯಲ್ಲಿ, ಆ ಮನೆಯವರು ಹೊರಗಿನಿಂದ ಬಂದವರು, ಮೇಲಾಗಿ ಸಾಬರು. ಇದೆಲ್ಲ ಆ ಕಾಲಕ್ಕೆ ಸಾಕಾಗಿತ್ತು. ಹಗಲು ಪಾಟೀಲರ ಮರ ಕೊಯ್ಯುತ್ತಾರೆ, ಸಂಜೆ ಸರ್ಕಾರದ್ದು ಎಂದರು. ಅಷ್ಟು ವಯಸ್ಸಾದವರಿದ್ದರು, ಒಬ್ಬರಿಗೂ ಬೇರೆಯದು ಹೊಳೆಯಲಿಲ್ಲವೇ ಎಂದು ಈಗ ಕೇಳುವವರಿದ್ದಾರೆ. ಜಹಗೀರಿನ ಕಾಲದ ಶಿಕಾರಿಗಳು ಆ ಗುಡ್ಡವನ್ನು ಬರಿದು ಮಾಡಿ ಎಷ್ಟೋ ವರ್ಷವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಗರಗಸ ಎಂದು ಕೇಳಿದ ಕಿವಿಗೆ ಆಮೇಲೆ ಗರಗಸವೇ ಕೇಳುತ್ತಿತ್ತು. ನನಗೂ ಹಾಗೆಯೇ ಕೇಳಿಸಿತು.

ಚಿಂಚೋಳಿಯಿಂದ ರೇಂಜರ್ ಸಾಹೇಬರು ಬಂದರು. ತೆಲುಗು ಸೀಮೆಯಿಂದ ಹೊಸದಾಗಿ ಬಂದವರು, ಭುಜಕ್ಕೆ ಬಂದೂಕು. ಅವರು ಅಂಗಳಕ್ಕೆ ಕಾಲಿಟ್ಟಿದ್ದೇ ಆಲದ ಗಿಡ ಖಾಲಿಯಾದಂತೆ ಮೌನವಾಯಿತು. ನಮ್ಮವರು ಅವರನ್ನು ಅಡವಿಯೆಲ್ಲ ಸುತ್ತಾಡಿಸಿದರು. ಕೊಯ್ದ ಮರದ ಬುಡ ಒಂದೂ ಸಿಗಲಿಲ್ಲ.

ನಾನು ಬಾಗಿಲ ಮರೆಯಲ್ಲಿ ನಿಂತು ಚಹಾ ಸೋಸುತ್ತಿದ್ದೆ. “ಬುಡ ಸಿಗಲಿಲ್ಲ ಅಂದ್ರ ಏನು ಅರ್ಥ?” ಎಂದು ರೇಂಜರ್ ಕೇಳುವುದು ಕೇಳಿಸಿತು.

“ಮರ ಹೋಗಿಲ್ಲ ಅಂತ ಅನಸ್ತದ ಸಾಹೇಬ್ರ,” ಎಂದರು ನಮ್ಮವರು.

“ಹುಚ್ಚ! ಸಾದಾ ಕಳ್ಳ ಬುಡ ಬಿಟ್ಟು ಹೋಗ್ತಾನ. ಮಣ್ಣು ಮುಚ್ಚಿ, ಎಲಿ ಹಾಸಿ ಹೋಗ್ಯಾರ ಅಂದ್ರ ಇವರು ಪಕ್ಕಾ ಕಳ್ಳರು. ಎರಡು ಕಡೆ ಆವಾಜ್ ಬರ್ಲಿಕತ್ತದ, ಅಂದ್ರ ಎರಡು ಟೋಳಿ. ಆ ಸಣ್ಣಾಂವ ದಿನಾ ಸಂಜಿಕ ಸಿಳ್ಳಿ ಹೊಡೀತಾನಂತಲ್ಲ, ಯಾರಿಗೆ?” ದನಿ ತಗ್ಗಿಸಿ ಇನ್ನೇನೋ ಹೇಳಿದರು. ನಮ್ಮವರು ತಿರುಗಿ ಬಾಗಿಲ ಕಡೆ ನೋಡಿದರು. ನಾನು ಚಹಾ ಹಿಡಿದು ಹೊರಗೆ ಬಂದಾಗ ಇಬ್ಬರೂ ಸುಮ್ಮನಿದ್ದರು.

ಮಾಲಿಪಾಟೀಲರು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ತಮ್ಮ ತೊಲೆಗಳೆಲ್ಲಿಂದ ಬಂದವೆಂದು ಸಾಹೇಬರು ಕೇಳಿಯಾರೆಂದೋ ಏನೋ, ಅವರು ಆ ವಾರವೆಲ್ಲ ಊರಲ್ಲೇ ಇರಲಿಲ್ಲ.

ಆ ದಿನದಿಂದ ನಮ್ಮ ಮನೆಯೂ ಬದಲಾಯಿತು. ನಮ್ಮವರು ಸಂಜೆ ಮನೆಗೆ ಬಂದು ಮತ್ತೆ ಹೊರಡತೊಡಗಿದರು. ಎಲ್ಲಿಗೆ ಎಂದರೆ “ಇಲ್ಲೇ” ಎನ್ನುವರು. ಒಂದು ದಿನ ಅವರ ಧೋತರ ಒಗೆಯುವಾಗ ಅಂಚಿನ ಮಡಿಕೆಯಿಂದ ಮರದ ಹೊಟ್ಟು ಉದುರಿತು. ಹಿಡಿಯಲ್ಲಿ ಹಿಡಿದು ಮೂಸಿದೆ, ಸಾಗುವಾನಿ. ಬುಡ ಸಿಗದಿದ್ದರೂ ಮರ ಹೋಗುತ್ತಿದೆ ಎಂದು ಊರೆಲ್ಲ ಹೇಳುವಾಗ, ಗಾರ್ಡನ ಕೈ ಇಲ್ಲದೆ ಅದು ಹೇಗೆ ಸಾಧ್ಯ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಬೆನ್ನ ಹಿಂದೆ ಅಂದದ್ದೂ ಕಿವಿಗೆ ಬಿದ್ದಿತ್ತು. ನಾನು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳಿಯಾರು ಎಂಬ ಭಯಕ್ಕಿಂತ ಖರೆ ಹೇಳಿಯಾರು ಎಂಬ ಭಯ ದೊಡ್ಡದಿತ್ತು. ರೊಟ್ಟಿ ಬಡಿಯುವಾಗ ಅವರು ನನ್ನನ್ನು ನೋಡುವರು. ನಾನು ತಿರುಗಿದರೆ ಅವರು ಬೇರೆ ಕಡೆ ನೋಡುವರು. ಖೈರುನ್‌ಬೀ ಬಂದು ಹೋದ ದಿನವಂತೂ “ಏನಂದಳು ಆಕಿ?” ಎಂದು ಕೇಳದೆ ಊಟಕ್ಕೆ ಕೂರುತ್ತಿರಲಿಲ್ಲ.

ಮಹಿಬೂಬಸಾಬನನ್ನು ಹಿಡಿದದ್ದು ಸಂತೆಯ ದಿನ. ರೇಂಜರ್ ಇಬ್ಬರು ಜವಾನರ ಜೊತೆ ಬಂದು ಗುಡಿಸಲಿನ ತಲಾಶಿ ಮಾಡಿದರು. ಸಿಕ್ಕಿದ್ದು ದೊಡ್ಡದೊಂದು ಸಣ್ಣದೊಂದು ಗರಗಸ, ಮರ ಸೀಳುವ ಬೆಣೆಗಳು, ಒಂದು ಸುತ್ತಿಗೆ. ಎಲ್ಲ ಜಪ್ತಿ ಮಾಡಿ ನಮ್ಮ ಕೋಣೆಯ ಗೋಡೆಗೆ ಆನಿಸಿದರು. ಮಹಿಬೂಬಸಾಬನನ್ನು ಚಿಂಚೋಳಿಗೆ ನಡೆಸಿಕೊಂಡು ಹೋದರು. ಹೊಲದ ಕಡೆಗೆ ಹೋಗಿದ್ದ ಮೌಲಾ ಅಣ್ಣನ ಕೈಗೆ ಹಗ್ಗ ಹಾಕಿದ್ದನ್ನು ದೂರದಿಂದಲೇ ನೋಡಿ ಜೋಳದಲ್ಲಿ ನುಗ್ಗಿ ಓಡಿದ. ಹೊರಡುವಾಗ ರೇಂಜರ್ ನಮ್ಮವರಿಗೆ ಎಲ್ಲರ ಮುಂದೆಯೇ ಹೇಳಿದರು: “ಓಡಿದಾಂವನ್ನ ಹಿಡಕೊಂಡು ಬಾ. ಇಲ್ಲಂದ್ರ ನಿನ್ನ ಮ್ಯಾಲೂ ಶಕ್ ಅದ ಅಂತ ತಿಳ್ಕೊ.”

ಆಮೇಲೆ ಒಂದೆರಡು ಸಂಜೆ ಗುಡ್ಡ ಸುಮ್ಮನಿತ್ತು. ನೋಡಿದಿರಾ, ಕಳ್ಳ ಒಳಗೆ ಹೋದ, ಸಪ್ಪಳ ನಿಂತಿತು ಎಂದರು ಊರವರು.

ಮೂರನೆಯ ಸಂಜೆಯೋ ನಾಲ್ಕನೆಯದೋ, ಖೈರುನ್‌ಬೀ ಒಂದು ಬಟ್ಟಲಲ್ಲಿ ಎಣ್ಣೆ, ಒಂದು ಚಿಂದಿ ಹಿಡಿದು ಚೌಕಿಗೆ ಬಂದಳು. ನಮ್ಮವರು ಹೊಸ್ತಿಲಲ್ಲೇ ಕೂತಿದ್ದರು.

“ಸಾಬ್, ಗರಗಸಕ್ಕ ಎಣ್ಣಿ ಹಚ್ಚಿ ಹೋಗ್ತೀನ್ರಿ. ಥಂಡಿ ಹವಾ ಅದ, ಜಂಗ್ ಹಿಡಿತಾವ. ನಾಳಿ ನಮ್ಮವರು ಬಂದ್ರ ದುಡೀಲಿಕ್ಕ ಬೇಕಲ್ರಿ.”

ನಮ್ಮವರು ಅವಳನ್ನು ನೋಡಿದರು, ಬಟ್ಟಲನ್ನು ನೋಡಿದರು. “ನನ್ನ ಕಣ್ಣ ಮುಂದನ ಹಚ್ಚು,” ಎಂದರು.

ಅವಳು ಗೋಡೆಯ ಬಳಿ ಕೂತು ದೊಡ್ಡ ಗರಗಸವನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಹಲ್ಲುಗಳ ನಡುವೆ ಚಿಂದಿ ಆಡಿಸತೊಡಗಿದಳು. ನಾನು ದೀಪದ ಗಾಜು ಒರೆಸುತ್ತಿದ್ದೆ. ಹೊರಗೆ ಇನ್ನೂ ಬೆಳಕಿತ್ತು. ಆಗ ಹಳ್ಳದ ಕಡೆಯಿಂದ, ಎಂದೂ ಇಲ್ಲದಷ್ಟು ಹತ್ತಿರದಲ್ಲಿ, ಗರಗಸದ ಸಪ್ಪಳ ಬಂತು.

ಖರ್, ಖರ್, ಖರ್, ಖರ್.

ಖೈರುನ್‌ಬೀಯ ಕೈ ನಿಂತಿತು. ತೊಡೆಯ ಮೇಲಿನ ಗರಗಸವನ್ನು ಒಮ್ಮೆ ನೋಡಿ ನನ್ನ ಕಡೆ ನೋಡಿದಳು. ನಮ್ಮವರು ಮಾತ್ರ ತಡೆಯದೆ ಎದ್ದರು.

“ಮೌಲಾ! ಇನ್ನೊಂದು ಗರಗಸ ಮುಚ್ಚಿಟ್ಟಾರ. ನಿನಗ ಗೊತ್ತಿತ್ತು, ಅದಕ್ಕ ಎಣ್ಣಿ ನೆವ ಮಾಡಿ ಬಂದಿ ನನ್ನ ಇಲ್ಲಿ ಕುಂದ್ರಸಲಿಕ್ಕ.”

“ಅಲ್ಲಾನ ಆಣಿ ಸಾಬ್, ಇಲ್ರಿ! ಮೌಲಾ ಒಬ್ಬನ ಕೈಲೆ ಎಳಿಯೂದು ಆಗಂಗಿಲ್ರಿ, ಇದಕ್ಕ ಎರಡು ಮಂದಿ ಬೇಕ್ರಿ.”

“ಆ ಎರಡನೇದಾಂವನೂ ಸಿಗ್ತಾನ ಇವತ್ತ.” ಬಡಿಗೆ ತೆಗೆದುಕೊಂಡರು, ಸಪ್ಪಳವಾಗಬಾರದೆಂದು ಚಪ್ಪಲಿ ಕಳಚಿದರು. “ಇಬ್ಬರೂ ಇಲ್ಲಿಂದ ಏಳಬ್ಯಾಡ್ರಿ. ಬಾಯಿ ಸೈತ ತಗೀಬ್ಯಾಡ್ರಿ,” ಎಂದರು. ಇಬ್ಬರೂ ಎಂದಾಗ ಅವರ ಕಣ್ಣು ಖೈರುನ್‌ಬೀಯ ಮೇಲಿದ್ದಷ್ಟೇ ಹೊತ್ತು ನನ್ನ ಮೇಲೂ ನಿಂತಿತ್ತು.

ಅವರು ಕುಂಟೆಯ ಬದಿಯಿಂದ ಬಗ್ಗಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಟಿಟ್ಟಿಭ ಒದರಿತು. ಸಪ್ಪಳ ಒಮ್ಮೆ ನಿಂತು ಮತ್ತೆ ಶುರುವಾಯಿತು. ಆಗಲೇ ಹಳ್ಳದ ಅತ್ತಿ ಗಿಡದಿಂದ ಇನ್ನೊಂದು ದನಿ ಎದ್ದಿತು. ಆ ವಾರ ಅತ್ತಿ ಹಣ್ಣಾಗಿತ್ತು, ನಮ್ಮ ಆಲದ ಮಂಗಗಳೆಲ್ಲ ಅಲ್ಲಿಗೆ ಹೋಗಿದ್ದವು.

ಖಕ್ಕರ್. ಖಕ್ಕರ್. ಖಕ್ಕರ್.

ನಾನು ದೀಪದ ಗಾಜು ಹಿಡಿದುಕೊಂಡೇ ನಿಂತೆ. ಮರ ಕೊಯ್ಯುವವರನ್ನು ಕಂಡು ಮಂಗಗಳು ಎಂದೂ ಕೆಮ್ಮಿದ್ದಿಲ್ಲ. ಮನುಷ್ಯರಿಗೆ ಅವು ಹೆದರಿದರೆ ಸುಮ್ಮನೆ ಅಡಗುತ್ತವೆ. ಈ ಕೆಮ್ಮು ಬೇರೆಯವರಿಗೆ, ನಾಲ್ಕು ಕಾಲಿನವರಿಗೆ. ಕೆಮ್ಮುತ್ತಿದ್ದದ್ದು ಗರಗಸದ ಸಪ್ಪಳ ಬಂದಲ್ಲಿಗೇ ಮುಖ ಮಾಡಿ.

“ಖೈರುನ್, ಅದು ಮಂದಿ ಅಲ್ಲ. ಅದು ಪ್ರಾಣಿ ಆವಾಜ್!” ಎಂದೆ.

“ಗರಗಸದಂಗ ಕೂಗೋ ಪ್ರಾಣಿ ಯಾವುದಕ್ಕಾ?”

“ಯಾವುದೋ ಏನೋ. ಅವರು ಬರೀ ಬಡಿಗಿ ಹಿಡಕೊಂಡು ಹೋಗ್ಯಾರ.”

ಅವಳು ಅಲ್ಲೇ ಕೂರಬಹುದಿತ್ತು. ಗಂಡನಿಗೆ ಹಗ್ಗ ಹಾಕುವಾಗ ಪಕ್ಕದಲ್ಲಿ ನಿಂತಿದ್ದವರು, ಈಗಷ್ಟೇ ಅವಳನ್ನು ಕಳ್ಳಿ ಎಂದವರು ಹಳ್ಳದಲ್ಲಿದ್ದರು. ಖೈರುನ್‌ಬೀ ಗರಗಸವನ್ನು ಜೋಪಾನವಾಗಿ ಗೋಡೆಗೆ ಆನಿಸಿದಳು; ಒಲೆಯ ಪಕ್ಕದ ತಾಮ್ರದ ಕೊಡದಲ್ಲಿದ್ದ ನೀರು ಚೆಲ್ಲಿ ಅದನ್ನು ಬಗಲಿಗೆ ಏರಿಸಿಕೊಂಡಳು; ಮುಟ್ಟುಗೋಲಾಗಿದ್ದ ಆ ಸುತ್ತಿಗೆಯನ್ನೇ ಕೈಗೆ ತೆಗೆದುಕೊಂಡಳು. “ನಡೀರಿ,” ಎಂದಳು. ನಾನು ಹಿತ್ತಾಳೆಯ ಗಂಗಾಳ, ಲಟ್ಟಣಿಗೆ ಎತ್ತಿಕೊಂಡೆ. ಬಡಿಯುತ್ತ, ಬಾಯಿಗೆ ಬಂದದ್ದು ಒದರುತ್ತ ಓಡಿದೆವು. ಸೀರೆ ಕಾಲಿಗೆ ತೊಡರಿ ಕುಂಟೆಯ ದಂಡೆಯಲ್ಲಿ ನಾನು ಒಮ್ಮೆ ಬಿದ್ದೆ. ಅವಳು ನಿಂತು ನನ್ನನ್ನು ಎಬ್ಬಿಸಿದಳು, ಆದರೆ ಬಡಿಯುವುದನ್ನು ಬಿಡಲಿಲ್ಲ.

ಹಳ್ಳದ ಉಸುಕಿನಲ್ಲಿ ನಮ್ಮವರು ನಿಂತಿದ್ದರು. ಬಡಿಗೆ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಅವರ ಮುಂದೆ, ನಮ್ಮ ಅಂಗಳದಷ್ಟು ದೂರದಲ್ಲಿ, ಒಂದು ಚಿರತೆ. ಗಂಡು. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಒತ್ತಿ, ಬಾಲದ ತುದಿ ಅಷ್ಟೇ ಆಡಿಸುತ್ತಿತ್ತು. ಅದರ ಹಿಂದೆ ಬಂಡೆಯ ಬುಡದಲ್ಲಿ ಇನ್ನೊಂದು, ಸ್ವಲ್ಪ ಸಣ್ಣದು, ಉಸುಕಿನಲ್ಲಿ ಅಂಗಾತ ಹೊರಳುತ್ತಿದ್ದದ್ದು ನಮ್ಮ ಗದ್ದಲಕ್ಕೆ ಎದ್ದು ಕೂತಿತು. ಅದು ಬಾಯಿ ತೆರೆದು ಅರ್ಧ ಉಸಿರು ಎಳೆದು ಬಿಟ್ಟಿತು. ಖರ್. ಒಂದೇ ಸಲ. ಅಷ್ಟು ಹತ್ತಿರದಿಂದ ಕೇಳಿದಾಗ ನನ್ನ ಎದೆಗೂಡೇ ಕೊಯ್ದಂತಾಯಿತು.

ಖೈರುನ್‌ಬೀ ಕೊಡಕ್ಕೆ ಸುತ್ತಿಗೆಯಿಂದ ಎಷ್ಟು ಜೋರಾಗಿ ಹೊಡೆದಳೆಂದರೆ ತಾಮ್ರ ತಗ್ಗಾಯಿತು. ಹೆಣ್ಣು ಮೊದಲು ಪೊದೆಯೊಳಗೆ ಹೋಯಿತು. ಗಂಡು ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಅವಸರವಿಲ್ಲದೆ ಅದರ ಹಿಂದೆ ನಡೆಯಿತು. ಮೇಲೆ ಮಂಗಗಳು ಇನ್ನೂ ಕೆಮ್ಮುತ್ತಲೇ ಇದ್ದವು. ಕೆಮ್ಮು ಹಳ್ಳದ ಗುಂಟ ಮೇಲಕ್ಕೆ ಸರಿಯುತ್ತ ಹೋಯಿತು. ಚಿರತೆಗಳು ಎಲ್ಲಿ ಹೋಗುತ್ತಿವೆ ಎಂಬುದು ಅದರಿಂದಲೇ ತಿಳಿಯುತ್ತಿತ್ತು.

ನಮ್ಮವರು ಉಸುಕಿನಲ್ಲಿ ಕುಸಿದು ಕೂತರು. “‘ಮೌಲಾ, ಹೊರಗ ಬಾ’ ಅಂದೆ. ಬಂಡೆಗಲ್ಲ ಹಿಂದಿಂದ ಅದು ಬಂತು,” ಎಂದರು.

ಮನೆಗೆ ಬಂದು ನೀರು ಕುಡಿದ ಮೇಲೆ, ಖೈರುನ್‌ಬೀ ಹೋದ ಮೇಲೆ, ನಾನು ಹೊಟ್ಟಿನ ಮಾತು ತೆಗೆದೆ. ಧೋತರಕ್ಕೆ ಅದು ಹೇಗೆ ಬಂತು?

“ಅವರ ಗುಂಡಿ ಹಿಂದ ಅಡಗಿ ಕುಂಡ್ರತಿದ್ದೆ. ಗುಡ್ಡದಾಗಿನ ಟೋಳಿ ಬಗ್ಗೆ ಏನರ ಮಾತಾಡ್ತಾರೇನೋ ಅಂತ. ಸಾಹೇಬ್ರು ಹೇಳಿದ್ರು, ನಿನ್ನ ಹೆಂಡ್ತಿಗೂ ಹೇಳಬ್ಯಾಡ, ಆಕಿ ಅವರ ಮನಿ ಗೆಳತಿ ಅಂತ. ನೀ ಖೈರುನ್‌ಬೀಗೆ ಹೇಳ್ತಿ ಅಂತ ನಾನೂ ತಿಳಿದಿದ್ದೆ.”

“ನೀವು ಅವರ ಕೂಡ ಸೇರೀರಿ ಅಂತ ನಾ ತಿಳಿದಿದ್ದೆ,” ಎಂದೆ.

ಅವತ್ತಿನ ರೊಟ್ಟಿಯನ್ನು ನಾನು ಬಡಿಯಲೂ ಇಲ್ಲ, ಅವರು ಕೇಳಲೂ ಇಲ್ಲ.

ಮರುದಿನ ನಮ್ಮವರು ಚಿಂಚೋಳಿಗೆ ನಡೆದುಹೋಗಿ ಹೇಳಿದರೆ ರೇಂಜರ್ ನಂಬಲಿಲ್ಲ. ಗಾರ್ಡನ ಹೆಂಡತಿ, ಕಳ್ಳನ ಹೆಂಡತಿ, ಇವರೇ ಸಾಕ್ಷಿ, ಚೆನ್ನಾಗಿ ಕಲಿಸಿದ್ದಾರೆ ನಿನಗೆ ಎಂದರಂತೆ. ಆದರೂ ಬಂದರು. ಬುಡ ತೋರಿಸಲೆಂದು ಮಹಿಬೂಬಸಾಬನನ್ನೂ ಕೈಕಟ್ಟಿಸಿ ಕರೆತಂದರು. ಬಿಸಿಲಿಳಿಯುವವರೆಗೆ ಅವನನ್ನು ಅಡವಿಯಲ್ಲಿ ತಿರುಗಿಸಿ, ಏನೂ ಸಿಗದೆ, ನಮ್ಮ ಅಂಗಳದಲ್ಲಿ ಮಂಚದ ಮೇಲೆ ಕೂತರು. ಮಹಿಬೂಬಸಾಬ ನೆಲದ ಮೇಲೆ ಕೂತಿದ್ದ. ಗಡ್ಡ ಬೆಳೆದು ಕಣ್ಣು ಒಳಗೆ ಹೋಗಿದ್ದವು. ಖೈರುನ್‌ಬೀ ದೂರದಲ್ಲಿ ಗಿಡಕ್ಕೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದಳು. ಹತ್ತಿರ ಹೋಗಲು ಬಿಟ್ಟಿರಲಿಲ್ಲ.

ಆ ಸಂಜೆ ಚಿರತೆಗಳು ಕೂಗಲಿ ಎಂದು ನಾನು ಹೊತ್ತ ಹರಕೆ ಒಂದೆರಡಲ್ಲ. ಬೆಳಕು ಹೋಗುವ ಹೊತ್ತಿಗೆ ಗುಡ್ಡದ ಮೇಲಿಂದ ಆ ಸಪ್ಪಳ ಬಂತು. ಹೆಣ್ಣು ಕರೆಯಿತು, ನಿಂತಿತು. ಪಡುವಣದಿಂದ ಗಂಡು ಉತ್ತರ ಕೊಟ್ಟಿತು. ರೇಂಜರ್ ಎದ್ದು ನಿಂತರು. ಕೋಣೆಯೊಳಗೆ ಇಣುಕಿ ಗೋಡೆಗಿದ್ದ ಗರಗಸಗಳನ್ನು ನೋಡಿದರು. ತಿರುಗಿ ಮಹಿಬೂಬಸಾಬನ ಕಟ್ಟಿದ ಕೈಗಳನ್ನು ನೋಡಿದರು. ನಮ್ಮವರು ಅವರನ್ನು ಹಳ್ಳಕ್ಕೆ ಕರೆದುಕೊಂಡು ಹೋಗಿ ಉಸುಕಿನ ಹೆಜ್ಜೆ ತೋರಿಸಿದರು. ರೇಂಜರ್ ಮರಳಿ ಬಂದು ಹಗ್ಗ ಬಿಚ್ಚಿಸಿದರು. ಅಷ್ಟಾದರೂ ಅವರ ಮನಸ್ಸಿನಿಂದ ಅನುಮಾನ ಪೂರ್ತಿ ಹೋಗಲಿಲ್ಲ.

“ಕಳುವು ಮಾಡಿಲ್ಲಂದ್ರ ನಿನ್ನ ತಮ್ಮ ಯಾಕ ಓಡಿದ?”

ಮಹಿಬೂಬಸಾಬ ಮಣಿಕಟ್ಟು ತಿಕ್ಕಿಕೊಳ್ಳುತ್ತ ಹೇಳಿದ: “ಹೆದರಿದಾಂವ ಓಡ್ತಾನ್ರಿ ಸಾಬ್. ಕದ್ದಾಂವ ಮಾಲು ಬಿಟ್ಟು ಓಡಂಗಿಲ್ಲ.”

“ಸರಿ, ಸರಿ. ಆದ್ರ ಎರಡು ತಿಂಗಳು ಪ್ರತಿ ಸಂತಿಗೆ ಚಿಂಚೋಳಿಗೆ ಬಂದು ಹಾಜರಿ ಹಾಕಬೇಕು.”

“ಚಿರ್ತಿ ಕೂಗಿದ್ರ ಹಾಜರಿ ನಾ ಯಾಕ ಹಾಕ್ಬೇಕ್ರಿ?” ಎಂದು ಅವನು ಕೇಳಿದ. ಬಹಳ ಮೆಲ್ಲಗೆ ಕೇಳಿದ. ರೇಂಜರ್ ಕೇಳಿಸದವರಂತೆ ಬಂದೂಕು ಭುಜಕ್ಕೇರಿಸಿದರು.

ಊರು ಮಾತ್ರ, ಚಿರತೆ ಇದ್ದದ್ದು ಖರೆ, ಆದರೆ ಮರವೂ ಹೋಗಿರಬೇಕು ಎಂದಿತು. ಮಾಲಿಪಾಟೀಲರು ಊರಿಗೆ ಮರಳಿ, ಉಳಿದ ಕೆಲಸ ಆಮೇಲೆ ನೋಡೋಣ ಎಂದರು. ಮೌಲಾ ವಾಡಿಯಲ್ಲಿ ಇದ್ದಾನೆ, ರೈಲಿನ ಕೆಲಸದವರ ಜೊತೆ ಸೇರಿದ್ದಾನೆ ಎಂದು ಖಬರು ಬಂತು. ಹಾಜರಿಗೆ ಅಲ್ಲಿಂದಲೇ ಬರುತ್ತೇನೆ ಎಂದು ಮಹಿಬೂಬಸಾಬ ವಾಡಿಗೆ ಒಂದು ಬಂಡಿ ಗೊತ್ತುಮಾಡಿದ.

ಹೊರಡುವ ಬೆಳಿಗ್ಗೆ ಖೈರುನ್‌ಬೀ ಚೌಕಿಗೆ ಬಂದಳು. ನಮ್ಮವರು ಗರಗಸಗಳನ್ನು ತಾವೇ ಹೊತ್ತು ಬಂಡಿಯಲ್ಲಿ ಇಟ್ಟರು,  ಹಲ್ಲಿಗೆ ಗೋಣಿಚೀಲ ಸುತ್ತಿ ಕಟ್ಟಿದರು. ನಾನು ದಾರಿಗೆಂದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದೆ. ತಗ್ಗು ಬಿದ್ದ ಕೊಡವನ್ನು ನೋಡಿ ಅವಳು, “ನಿಮ್ಮ ಕೊಡ ಕೆಡಿಸಿದೆನಲ್ಲಕ್ಕಾ,” ಎಂದು ನಕ್ಕಳು. ನನಗೆ ನಗಲಾಗಲಿಲ್ಲ.

“ಇಲ್ಲೇ ಇರ್ರಿ. ಈಗ ಎಲ್ಲಾರಿಗೂ ಗೊತ್ತಾಗ್ಯಾದಲ್ಲ,” ಎಂದೆ.

ಅವಳು ಸೆರಗು ತಲೆಗೆಳೆದುಕೊಂಡು ನಮ್ಮವರ ಕಡೆ ಒಮ್ಮೆ ನೋಡಿದಳು. ಅವರು ಬಂಡಿಯ ಹಗ್ಗ ಬಿಗಿಯುತ್ತಿದ್ದರು.

“ಅಕ್ಕಾ, ಒಂದು ಮಾತು. ನಿಮ್ಮವರು ಹಳ್ಳದಾಗ ‘ಮೌಲಾ, ಹೊರಗ ಬಾ’ ಅಂದ್ರಂತ. ಚಿರ್ತಿ ಬಂತು, ಎತ್ತಿದ ಬಡಿಗಿ ಎತ್ತಿದಂಗ ನಿಂತು ಬಿಡ್ತು. ಅಲ್ಲಿಂದ ಮೌಲಾನೇ ಬಂದಿದ್ದರ?”

ನನ್ನ ಉತ್ತರಕ್ಕೆ ಕಾಯದೆ ಹೋಗಿ ಬಂಡಿ ಹತ್ತಿದಳು. ಬಂಡಿ ಹಳ್ಳಕ್ಕಿಳಿದು ಆಚೆ ದಂಡೆ ಏರುವುದನ್ನು ನಾವಿಬ್ಬರೂ ನಿಂತು ನೋಡಿದೆವು. ಅದು ಕಣ್ಮರೆಯಾದ ಮೇಲೆ ಅವಳ ಮಾತನ್ನು ನಾನು ನಮ್ಮವರಿಗೆ ಕೇಳಿದೆ. ಅವರು ಸುಳ್ಳು ಹೇಳಬಹುದಿತ್ತು, ನಾನು ನಂಬಿಬಿಡುತ್ತಿದ್ದೆನೋ ಏನೋ.

“ಹೊಡೀತಿದ್ದೆ,” ಎಂದರು.